ಒಮ್ಮೆ ಕುಟ್ಟಿದರೆ ಅರ್ಧವಿರಾಮ

ಬೆಳಿಗ್ಗೆ ಐದೂವರೆ. ಶಿವಾಜಿನಗರದ ಓಣಿಯೊಂದರ ಸಣ್ಣ ಮುದ್ರಣಾಲಯದಲ್ಲಿ ಇಬ್ಬರು ಹೆಂಗಸರು ಎದುರುಬದುರು ಕೂತಿದ್ದಾರೆ. ಜಟ್ಟೆಮ್ಮ ಲೇಖಕರ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ. ಬಿಲ್ಕೀಸ್ ಕೆಂಪು ಪೆನ್ನು ಹಿಡಿದು ಅಚ್ಚಿನ ಕರಡು ನೋಡುತ್ತಾರೆ. ಓದುತ್ತಲೇ ಜಟ್ಟೆಮ್ಮ ಮೇಜನ್ನು ಒಮ್ಮೆ ಕುಟ್ಟಿದರೆ ಅಲ್ಲಿ ಅರ್ಧವಿರಾಮವಿದೆ ಎಂದರ್ಥ. ಅಂಗೈಯನ್ನು ಸರ್ರನೆ ಎಳೆದರೆ ಡ್ಯಾಶ್.

ಐವತ್ತಾರರ ಬಿಲ್ಕೀಸ್ ಈ ಕೆಲಸಕ್ಕೆ ಬಂದು ಮೂವತ್ತೊಂದು ವರ್ಷ. ಮನೆಮಾತು ದಖನಿ, ಕನ್ನಡ ಸರ್ಕಾರಿ ಶಾಲೆಯಲ್ಲಿ ಕಲಿತದ್ದು. ದಿನಕ್ಕೆ ನಲವತ್ತು ಪುಟ ತಿದ್ದುತ್ತಾರೆ. ಲೇಖಕರು ಕಂಡಕಂಡಲ್ಲಿ ಡ್ಯಾಶ್ ಎಳೆಯುತ್ತಾರೆಂಬುದು ಅವರ ದೂರು. "ಎರಡು ವಾಕ್ಯ ತಮ್ ಪಾಡಿಗೆ ನಿಲ್ಲತ್ತೆ, ಆದ್ರೂ ಒಂದನ್ನೊಂದು ಬಿಟ್ಟಿರಲ್ಲ ಅಂದ್ರೆ ಅರ್ಧವಿರಾಮ. ಮಾತು ಥಟ್ಟನೆ ತಿರುಗಿದ್ರೆ ಡ್ಯಾಶ್. ಏನೂ ತೋಚದೆ ಇದ್ದಾಗ ಎಳೆಯೋದಲ್ಲ ಅದು."

ಜಟ್ಟೆಮ್ಮ ಯಾದಗಿರಿ ಕಡೆಯವರು. ಗಂಡನ ಗಾರೆ ಕೆಲಸದ ಹಿಂದೆ ಬಂದು ಜೋಗುಪಾಳ್ಯದ ಬಾಡಿಗೆ ಕೋಣೆಯಲ್ಲಿದ್ದಾರೆ. ಓದಿದ್ದು ಒಂಬತ್ತನೇ ತರಗತಿ. ಉಚ್ಚಾರ ಮಾತ್ರ ಸ್ಪಷ್ಟ. "ಒಬ್ಳೇ ಕೂತ್ರೆ ಕಣ್ಣು ತನಗೆ ಗೊತ್ತಿರೋದನ್ನೇ ಓದ್ಬಿಡತ್ತೆ. ಇವಳಿದ್ರೆ ಹಾಗಾಗಲ್ಲ," ಎನ್ನುತ್ತಾರೆ ಬಿಲ್ಕೀಸ್.

ಕಳೆದ ತಿಂಗಳು ಎಡವಟ್ಟಾಯಿತು. ಗೋಡೆಯಾಚೆ ಅಕ್ತರ್ ಅವರ ಮಟನ್ ಅಂಗಡಿ. ಅವರ ಮಚ್ಚಿನ ಏಟುಗಳನ್ನೂ ಬಿಲ್ಕೀಸ್ ಜಟ್ಟೆಮ್ಮನ ಕುಟ್ಟು ಎಂದುಕೊಂಡರು. ಅಚ್ಚಾದ ಪುಸ್ತಕದಲ್ಲಿ ಹತ್ತೊಂಬತ್ತು ಅರ್ಧವಿರಾಮ ಹೆಚ್ಚಿಗೆ ಬಂದವು.

"ಆಪಾ, ನಂಗೂ ಒಂದು ಪ್ರತಿ ಕೊಡಿ. ನಾನೂ ಬರ್ದಿದೀನಲ್ಲ," ಎಂದು ಅಕ್ತರ್ ಈಗಲೂ ಬಿಲ್ಕೀಸರನ್ನು ಕಾಡಿಸುತ್ತಾರೆ.

ಮುದ್ರಣಾಲಯದ ಮಾಲೀಕ ಆಸಿಮ್ ನಗಲಿಲ್ಲ. ಮುಂದಿನ ಪುಸ್ತಕದಲ್ಲೂ ತಪ್ಪು ಕಂಡರೆ ಜಟ್ಟೆಮ್ಮನ ಕೆಲಸ ಹೋಗುತ್ತದೆ, ಹಸ್ತಪ್ರತಿಯನ್ನು ಕಂಪ್ಯೂಟರ್ ಓದುತ್ತದೆ ಎಂದರು. ಅಂದಿನಿಂದ ಇವರ ಓದು ಮಟನ್ ಅಂಗಡಿ ತೆರೆಯುವ ಮೊದಲೇ ಮುಗಿಯುತ್ತದೆ.

"ನನ್ ಕೈ ಸುಮ್ನಿದ್ದಾಗೂ ಆಪಾನ ಪೆನ್ನು ಓಡ್ತಿತ್ರಿ. ನಾ ನೋಡ್ಲಿಲ್ಲ. ತಪ್ಪು ನಂದೂ ಅದ," ಎನ್ನುತ್ತಾರೆ ಜಟ್ಟೆಮ್ಮ.

"ಸುಮ್ನಿರು. ಕಿವಿ ನಂದು," ಎನ್ನುತ್ತಾರೆ ಬಿಲ್ಕೀಸ್.

ಆಸಿಮ್ ಹೇಳಿದ್ದ ಆ ಮುಂದಿನ ಪುಸ್ತಕದ ಕೊನೆಯ ಪುಟ ಇಂದು ಮುಗಿದಿದೆ. ಎಂಟಕ್ಕೆ ಬಂದ ಆಸಿಮ್ ಅಲ್ಲಲ್ಲಿ ಮೂವತ್ತು ಪುಟ ತೆಗೆದು ಹಸ್ತಪ್ರತಿಯೊಂದಿಗೆ ತಾಳೆ ನೋಡುತ್ತಾರೆ. ಜಟ್ಟೆಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ. ಒಂದು ತಪ್ಪೂ ಸಿಗುವುದಿಲ್ಲ. ಆಸಿಮ್ ಒಳಗೆ ಹೋಗಿ ಇನ್ನೊಂದು ಹಸ್ತಪ್ರತಿಯ ಕಟ್ಟು ತಂದು ಜಟ್ಟೆಮ್ಮನ ಮುಂದಿಡುತ್ತಾರೆ. "ನಾಳೆಯಿಂದ ಇದು."

ಕರಡು ತಿದ್ದಿದವರ ಹೆಸರು ಯಾವ ಪುಸ್ತಕದಲ್ಲೂ ಬಂದಿಲ್ಲ. ಬರಬೇಕೇ ಎಂದು ಕೇಳಿದರೆ ಬಿಲ್ಕೀಸ್ ಕನ್ನಡಕ ಒರೆಸಿಕೊಳ್ಳುತ್ತಾರೆ.

"ಹಾಕೋದಾದ್ರೆ ಇಬ್ಬರದೂ ಹಾಕ್ಲಿ. ನಂದೊಂದೇ ಬಂದ್ರೆ, ಕರಡಲ್ಲೇ ಹೊಡೆದುಹಾಕ್ತೀನಿ."