ಗಂಡ-ಹೆಂಡತಿ ಸೇರಿ ಒಂದೇ ಆಯ್ಕೆ

ನಮ್ಮ ಮನೆಯವರು ಇಂಜಿನಿಯರಾಗಿದ್ದ ಕಂಪನಿಯಲ್ಲಿ ಫಿಲಿಪೀನ್ಸಿನವರು ಬಹಳ ಜನ. ನಮಗೆ ಕ್ರಿಕೆಟ್ ಹೇಗೋ ಅವರಿಗೆ ಬ್ಯಾಸ್ಕೆಟ್‌ಬಾಲ್ ಹಾಗೆ. ಕುವೈತಿನಲ್ಲಿ ೧೯೯೦ರ ಚಳಿ ಇಳಿಯುತ್ತಿದ್ದಾಗ, ಕ್ವಾರ್ಟರ್ಸಿನ ಹಿಂದಿನ ಅಂಗಳದಲ್ಲಿ ಆ ವರ್ಷವೂ ನಾಲ್ಕು ತಂಡಗಳ ಆಟ ನಡೆಸುವುದೆಂದಾಯಿತು.

"ಅಮೆರಿಕದ ದೊಡ್ಡ ತಂಡಗಳ ಥರ ಇಲ್ಲೂ ಡ್ರಾಫ್ಟ್ ಮಾಡ್ತಾರಂತೆ" ಎಂದೆ.

"ಡ್ರಾಫ್ಟಾ? ಹೋದ ವಾರ ತಾನೇ ಊರಿಗೆ ಕಳಿಸಿದ್ನಲ್ಲೇ!" ಎಂದರು ಇವರು.

ಬ್ಯಾಂಕಿನದಲ್ಲ, ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವುದು, ಹೋದ ಸಲ ಕೊನೆಗೆ ಬಂದ ತಂಡಕ್ಕೆ ಮೊದಲ ಆಯ್ಕೆ ಎಂದು ವಿವರಿಸಿದೆ. ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಆಡಿದವಳು ನಾನು.

ಶುಕ್ರವಾರ ಸಂಜೆ ನೋಡಲು ಹೋದೆವು. ಕೊನೆಗೆ ಬಂದಿದ್ದ ತಂಡದ ಕ್ಯಾಪ್ಟನ್ ಡ್ರಾಯಿಂಗ್ ವಿಭಾಗದ ಗಿಡ್ಡ ಮನುಷ್ಯ. ಸೀದಾ ಬಂದು ಆರಡಿ ಎತ್ತರದ ನಮ್ಮವರ ಕೈ ಹಿಡಿದ. "ಫಸ್ಟ್ ಪಿಕ್, ಸರ್!"

ಇವರು ಗಾಬರಿಯಾಗಿ, ತಮಗೆ ಚೆಂಡು ಹಿಡಿಯಲೂ ಬಾರದು, ಆಡುವವಳು ಹೆಂಡತಿ ಎಂದು ಇಂಗ್ಲಿಷಿನಲ್ಲಿ ಹೇಳಿ ನನ್ನ ಕಡೆ ಕೈ ತೋರಿಸಿಬಿಟ್ಟರು. ಆತ ನನ್ನತ್ತ ಚೆಂಡು ಎಸೆದ. ಚಪ್ಪಲಿ ಬಿಟ್ಟು, ದುಪಟ್ಟಾ ಸೊಂಟಕ್ಕೆ ಕಟ್ಟಿದೆ. ಮೊದಲನೆಯದು ರಿಂಗಿಗೆ ಬಡಿದು ಹಿಂದಕ್ಕೆ ಬಂತು. ಎರಡನೆಯದು ನೆಟ್ಟಗೆ ಬುಟ್ಟಿಯೊಳಗೆ!

"ಖಲಾಸ್, ಮುಗೀತು! ಮೇಡಂ ನಮ್ಮವರು!" ಎಂದು ಕ್ಯಾಪ್ಟನ್ ಕುಣಿದ.

ಆರಿಸಿದ ಮೇಲೆ ಬದಲಾಯಿಸುವಂತಿಲ್ಲ ಎಂದು ಉಳಿದವರು ಜಗಳಕ್ಕೆ ನಿಂತರು. ಕೊನೆಗೆ ಗಂಡ-ಹೆಂಡತಿ ಸೇರಿ ಒಂದೇ ಆಯ್ಕೆ ಎಂದು ಒಪ್ಪಂದವಾಯಿತು. ಪಾಪ, ಇವರು ಪ್ರತಿ ಆಟದಲ್ಲೂ ಬುಟ್ಟಿಯ ಕೆಳಗೆ ಎರಡೂ ಕೈ ಎತ್ತಿ ನಿಂತರು. ಅಷ್ಟಕ್ಕೇ ಎದುರಿನವರು ತಬ್ಬಿಬ್ಬಾಗುತ್ತಿದ್ದರು. ನಾವು ಮೂರನೆಯ ಸ್ಥಾನಕ್ಕೆ ಬಂದೆವು. ಕ್ಯಾಪ್ಟನ್ ಕಪ್ ಗೆದ್ದವನಂತೆ ಎಲ್ಲರಿಗೂ ನೂಡಲ್ಸ್ ಹಂಚಿದ, ನಾನು ಚಿತ್ರಾನ್ನ ಒಯ್ದಿದ್ದೆ.

ಆಗಸ್ಟಿನಲ್ಲಿ ಇರಾಕಿನ ಸೇನೆ ನುಗ್ಗಿದಾಗ ನಾವು ರಜೆಗೆಂದು ಮೈಸೂರಿನಲ್ಲಿದ್ದೆವು. ಮರಳಿದ್ದು ೧೯೯೧ರ ಕೊನೆಗೆ. ಅಂಗಳದ ಕಂಬ ವಾಲಿತ್ತು, ಹಳಬರಲ್ಲಿ ಅರ್ಧ ಜನ ಬಂದಿರಲಿಲ್ಲ. ಕ್ಯಾಪ್ಟನ್ ಮಾತ್ರ ನಮಗಿಂತ ಮುಂಚೆಯೇ ಬಂದಿದ್ದ. ನಮ್ಮನ್ನು ಕಂಡವನೇ ಓಡಿಬಂದು ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡ. ಎಲ್ಲರೂ ಸೇರಿ ಕಂಬ ನೆಟ್ಟಗೆ ನಿಲ್ಲಿಸಿದೆವು.

ಒಟ್ಟು ಒಂಬತ್ತೇ ಜನ, ಎರಡೇ ತಂಡ. ಈ ಸಲ ಇವರು ಎದುರು ತಂಡಕ್ಕೆ ಹೋದರು. ನಾನು ಎಸೆದದ್ದನ್ನೆಲ್ಲ ಉದ್ದ ಕೈ ಚಾಚಿ ತಡೆದು, "ಹೇಗಿದೆ?" ಎಂದು ನಕ್ಕರು. ಅಂದು ರಾತ್ರಿ ಊಟಕ್ಕೆ ಅವರೇ ಅನ್ನ ಮಾಡಿದರು, ನಾನು ಸೋತ ಸಿಟ್ಟಿನಲ್ಲಿ ಅಡುಗೆಮನೆಗೇ ಹೋಗಲಿಲ್ಲ.