ಅಣ್ಣನ ಕೊಳವೆಯೊಳಗೆ ನನ್ನ ಕನ್ನಡಿ

ಕುಂಬಾರ ಹುಳುವಿನ ಗೂಡು ತೆಗೆಯಲು ಹೋದವನಿಗೆ ಇಂಥದ್ದೊಂದು ಪೆಟ್ಟು ಬೀಳುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಕಡಬ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಅಣ್ಣ ನನಗೆ ರಕ್ತಸಂಬಂಧಿಯಲ್ಲ. ನಾನು ಆಲಂಕಾರಿನಿಂದ ಜೀಪಿನಲ್ಲಿ ಜನ ತುಂಬಿಸಿಕೊಂಡು ಬಂದು, ವಾಪಸು ಟ್ರಿಪ್ಪಿಗೆ ಕಾಯುವಾಗ ಅವರ ಅಂಗಡಿಯ ಬೆಂಚಿನಲ್ಲಿ ಕೂರುತ್ತಿದ್ದೆ. ಆಕಾಶ ನೋಡುವ ಹುಚ್ಚು ಹಿಡಿಸಿದ್ದು, ಗಾಜು ಉಜ್ಜಿ ದೂರದರ್ಶಕಕ್ಕೆ ಕನ್ನಡಿ ಮಾಡುವುದನ್ನು ಕಲಿಸಿದ್ದು ಎಲ್ಲ ಅವರೇ. ಈ ವರ್ಷ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಪುತ್ತೂರಿನಲ್ಲಿ ಮಗಳ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗ ಅತ್ತಿಗೆ ನನಗೆ ಫೋನು ಮಾಡಿದರು. "ನಿನ್ನಣ್ಣನ ದುರ್ಬೀನಿನೊಳಗೆ ಹುಳ ಮಣ್ಣಿನ ಮನೆ ಕಟ್ಟಿದೆ ಮಾರಾಯ. ಅವರು ಹೊಸ ಕಣ್ಣು ಇಟ್ಟುಕೊಂಡು ಬರುವಾಗ ಸ್ವಲ್ಪ ಚಂದ ಮಾಡಿ ಇಡು."

ಅವರ ಮನೆಗೆ ಹೋಗಿ ದುರ್ಬೀನಿನ ಕೊಳವೆಯ ಬುಡದ ತಿರುಪು ಸಡಿಲಿಸಿ ಕನ್ನಡಿಯನ್ನು ಹೊರತೆಗೆದೆ. ಬೆನ್ನು ತಿರುಗಿಸಿದರೆ, ನಾನು ಕನ್ನಡಿ ಮುಗಿಸಿದ ದಿನ ಖುಷಿಗೆ ಗೀಚಿದ್ದ ಸೊಟ್ಟ ಚಂದ್ರ ಅಲ್ಲಿದ್ದ! ಪಕ್ಕದಲ್ಲೇ, ಬಟ್ಟೆ ಒಗೆಯುವ ಕಲ್ಲಿಗೆ ತಾಗಿ ಅಂಚಿನಿಂದ ಚೂರು ಹಾರಿಹೋಗಿದ್ದ ಗುರುತು.

ಈ ಕನ್ನಡಿ ಆಲಂಕಾರಿನಲ್ಲಿ, ನನ್ನ ಮನೆಯಲ್ಲಿ, ನನ್ನ ಕೊಳವೆಯಲ್ಲಿ ಇರಬೇಕಾದದ್ದು. ಜಗಲಿಯಲ್ಲೇ ಕುಳಿತುಬಿಟ್ಟೆ. ಅತ್ತಿಗೆ ತಂದಿಟ್ಟ ಚಹಾ ಆರಿಹೋಯಿತು. ಆಮೇಲೆ ಜೀಪು ಓಡಿಸಿಕೊಂಡು ಮನೆಗೆ ಹೋಗಿ ನನ್ನದನ್ನೂ ಬಿಚ್ಚಿ, ಕನ್ನಡಿಯ ಬೆನ್ನಿಗೆ ಅಂಟಿಸಿದ್ದ ಹಲಗೆಯನ್ನು ಕಿತ್ತೆ. ಅದೇ ಅಗಲ, ಆದರೆ ಬೆನ್ನು ನುಣ್ಣಗೆ, ಒಂದು ಗೀರೂ ಇಲ್ಲ. ನನ್ನ ಕೈ ಕೆಲಸವಲ್ಲ ಎಂದು ಗೊತ್ತಾಗಲು ಮತ್ತೇನು ಬೇಕು?

ಹತ್ತು ವರ್ಷದ ಹಿಂದೆ ನಾನು ಕನ್ನಡಿ ಉಜ್ಜುವಾಗ ಅಣ್ಣನ ಹಿತ್ತಿಲಿನ ಕೊಟ್ಟಿಗೆಯಲ್ಲಿ ಕಲ್ಲು ತುಂಬಿಸಿದ ಒಂದು ಡ್ರಮ್ಮು ಇತ್ತು. ಅದರ ಮೇಲೆ ಊಟದ ಬಟ್ಟಲಿನಷ್ಟು ಅಗಲದ ದಪ್ಪ ಗಾಜು, ಅದರ ಮೇಲೆ ಇನ್ನೊಂದು, ನಡುವೆ ಗಾಜು ಸವೆಸುವ ಒದ್ದೆ ಪುಡಿ. ಮೇಲಿನದನ್ನು ಹಿಂದೆ ಮುಂದೆ ಉಜ್ಜುತ್ತಾ ಡ್ರಮ್ಮಿನ ಸುತ್ತ ನಡೆಯಬೇಕು. ಉಜ್ಜಿದಂತೆ ಮೇಲಿನ ಗಾಜು ಗುಳಿಬೀಳುತ್ತದೆ; ಅದೇ ಮುಂದೆ ಕನ್ನಡಿ. "ಸುಬ್ರಹ್ಮಣ್ಯದಲ್ಲಿ ಇಷ್ಟು ಸುತ್ತು ಬಂದಿದ್ರೆ ದೇವರೇ ಎದ್ದು ಬರ್ತಿದ್ದ" ಎಂದು ಅತ್ತಿಗೆ ಚುಚ್ಚುತ್ತಿದ್ದರು. ಕೊನೆಗೆ ಹೊಳಪು ಕೊಡಲು ರಾಳ ಕರಗಿಸಿ ಎರೆದ ಮೆತ್ತೆ ಬೇಕು. ಅದು ಗಟ್ಟಿಯಾಯಿತೆಂದು ನಾನು, ಅಣ್ಣ ಅಂಗಡಿಯಲ್ಲಿದ್ದಾಗ, ತೆಂಗಿನೆಣ್ಣೆ ಬೆರೆಸಿಬಿಟ್ಟೆ. ನಮ್ಮ ಕಡೆ ತಲೆನೋವಿಗೂ ಅದೇ, ಬಾಗಿಲ ತಿರುಗಣೆ ಕಿರುಗುಟ್ಟಿದರೂ ಅದೇ. ಬೆಳಗಿನ ಚಳಿಗೆ ಮೆತ್ತೆ ಕಲ್ಲಾಯಿತು, ಮಧ್ಯಾಹ್ನ ಪಾಯಸವಾಯಿತು. ಅಣ್ಣ ಬಂದು ಮೂಸಿ ನೋಡಿ, "ಎಂತ ಮಾರಾಯ, ಕನ್ನಡಿ ಮಾಡುದಾ, ಹಪ್ಪಳ ಕಾಯಿಸುದಾ?" ಎಂದು ಹೊಟ್ಟೆ ಹಿಡಿದು ನಕ್ಕಿದ್ದರು. ನಾನು ಅದರಲ್ಲೇ ಉಜ್ಜಿ ಮುಗಿಸಿದೆ. ಅಣ್ಣ ದೀಪ ಮತ್ತು ಬ್ಲೇಡು ಇಟ್ಟು, ನೆರಳು ಬೀಳುವ ರೀತಿಯಿಂದ ಕನ್ನಡಿಯ ಗುಳಿ ಸರಿಯಿದೆಯೇ ಎಂದು ಎರಡೆರಡು ಸಲ ಪರೀಕ್ಷಿಸಿ, "ಆಯ್ತು. ಹೊಳೆಯುವ ಲೇಪ ಹಾಕಿಸ್ಲಿಕ್ಕೆ ಬೆಂಗಳೂರಿಗೆ ನಾನೇ ಕೊಂಡುಹೋಗ್ತೇನೆ" ಎಂದರು. ನೆಟ್ಟಣದಿಂದ ರೈಲು ಹತ್ತಿಸಿ ಬಂದವನು ನಾನೇ. ಮಗುವಿನಂತೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ವಾಪಸು ಬಂದದ್ದು ಹಲಗೆಗೆ ಅಂಟಿಸಿ, ಬೆನ್ನು ಮುಚ್ಚಿದ ಕನ್ನಡಿ. ಆ ವಾರವೇ ಸಂಜೆ ಗದ್ದೆಯಲ್ಲಿ ನಿಂತು ಶನಿಯ ಉಂಗುರ ನೋಡಿ ನಾನು ಕೂಗಿದ ಕೂಗಿಗೆ ಆಚೆ ಮನೆಯ ನಾಯಿ ಬೊಗಳಿತ್ತು.

ಅಂದಿನಿಂದ ಸುಳ್ಯ, ಪುತ್ತೂರು, ಎಲ್ಲೆಲ್ಲಿಯ ಶಾಲೆಗಳಿಗೋ ಆ ದೂರದರ್ಶಕವನ್ನು ಜೀಪಿನಲ್ಲಿ ಹೊತ್ತು ತಿರುಗಿದೆ. ಎಲ್ಲ ಕಡೆ ಒಂದೇ ಮಾತು: ಇದು ನಾನೇ ನನ್ನ ಕೈಯಾರೆ ಮಾಡಿದ್ದು. ಮೂರು ಜನಕ್ಕೆ ಉಜ್ಜುವುದನ್ನು ಕಲಿಸಲೂ ಹೊರಟಿದ್ದೆ.

ಎರಡೂ ಕನ್ನಡಿ ಬಿಚ್ಚಿದ ಮರುದಿನ ಅಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಕಾರಿನಿಂದ ಇಳಿದರು. ಅವರ ಜಗಲಿಯ ಮೇಲೆ ನಾನು ಒಂದರ ಪಕ್ಕ ಒಂದು ಇಟ್ಟಿದ್ದ ಎರಡು ಕನ್ನಡಿಗಳನ್ನು ನೋಡಿ ಮೆಟ್ಟಿಲಲ್ಲೇ ನಿಂತರು.

"ಹುಳ ಕಟ್ಟಿದ್ದು ಸಾಕಿತ್ತಲ್ಲ, ನೀನು ಬೇರೆ ಕೆದಕಿದ್ಯಾ?"

"ಅಣ್ಣ, ನಿಮ್ಮದು ನನಗೆ ಕೊಟ್ಟು ನನ್ನದು ನೀವು ಇಟ್ಟುಕೊಂಡದ್ದು ಎಂತಕ್ಕೆ?"

"ಆ ಎಣ್ಣೆ ಮೆತ್ತೆಗೆ ನಿನ್ನದರ ಅಂಚು ಹೆಚ್ಚು ಸವೆದು ಕುಸಿದಿತ್ತು. ಶನಿ ಅದರಲ್ಲಿ ಒದ್ದೆ ಹತ್ತಿಯ ಉಂಡೆ. ನನಗೆ ಉಂಗುರ ನೋಡಿ ಆಗಿತ್ತು. ನಿನಗೆ ಆಗಿರ್ಲಿಲ್ಲ."

ಅತ್ತಿಗೆ ಬಾಗಿಲಿನಿಂದ ಹೊರಗೆ ಬಂದರು. "ಏನಂದ್ರಿ? ಹತ್ತು ವರ್ಷ ಅಂಗಳದಲ್ಲಿ ನಿಂತು ಮಂಜು, ಮಂಜು ಅಂತಿದ್ದದ್ದು ಆ ಕನ್ನಡಿಗಾ? ನಾನು ಇವರ ಕಣ್ಣೇ ಹೋಯ್ತು ಅಂತ ಊರಿನ ದೇವರಿಗೆಲ್ಲ ಹರಕೆ ಹೊತ್ತದ್ದು!"

"ಪೊರೆಯೂ ಇತ್ತಲ್ಲ ಮಾರಾಯ್ತಿ. ಹರಕೆ ದಂಡ ಆಗ್ಲಿಲ್ಲ."

ನನಗೆ ನಗು ಬರಲಿಲ್ಲ. ನಾನು ಆಕಾಶ ನೋಡುವ ಎಂದಾಗಲೆಲ್ಲ ಅಣ್ಣ 'ನಿನ್ನದನ್ನೇ ತಾ, ನನ್ನದು ಹಳತು' ಎಂದದ್ದು ಇದಕ್ಕೆ. ನನ್ನ ಕನ್ನಡಿಯ ಲೇಪ ಮಾಸಿದಾಗಲೆಲ್ಲ ತಾವೇ ಬಿಚ್ಚಿ ಒಯ್ದದ್ದೂ ಇದಕ್ಕೆ. "ನೀವು ನಾಲ್ಕು ದಿನ ಕೂತಿದ್ರೆ ಆ ಅಂಚು ಸರಿ ಮಾಡಬಹುದಿತ್ತು" ಎಂದೆ. ನನ್ನ ಸ್ವರ ಜೋರಾಗಿತ್ತು.

ಅವರು ನನಗಿಂತ ಹೆಚ್ಚು ಗಾಬರಿಯಾದವರಂತೆ ನೋಡಿದರು. "ಒಬ್ಬನ ಕನ್ನಡಿಗೆ ಇನ್ನೊಬ್ಬ ಕೈ ಹಾಕುದುಂಟಾ? ನಾನು ಒಂದು ಸಲ ಉಜ್ಜಿದ್ರೆ ಅದು ನಿನ್ನದಾಗಿ ಉಳೀತಿತ್ತಾ?"

"ಮತ್ತೆ ಯಾವಾಗ ಹೇಳುವವರಿದ್ರಿ?"

"ನೀನು ಇನ್ನೊಂದು ಮಾಡ್ತೇನೆ ಅಂತ ಬಂದಾಗ. ನೀನು ಬರ್ಲೇ ಇಲ್ಲ. ಮಾಡಿ ಆಯ್ತು ಅಂತ ಕೂತ್ಬಿಟ್ಟೆ."

ಅವರ ಕನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದೆ. ತೆಗೆದುಕೊಂಡರು, ಬೇಡವೆನ್ನಲಿಲ್ಲ. ಹೊಸ ಕಣ್ಣು ಇದೆಯಲ್ಲ, ಇನ್ನು ಅವರೂ ನೋಡಬೇಕು.

ಈಗ ಭಾನುವಾರ ಜೀಪು ಓಡಿಸುವುದಿಲ್ಲ. ಹಳೆಯ ಲೇಪ ತೊಳೆದು ತೆಗೆದ ನನ್ನ ಗಾಜನ್ನು ಹಿಡಿದು ಡ್ರಮ್ಮಿನ ಸುತ್ತ ನಡೆಯುತ್ತೇನೆ. ಬಗ್ಗಬಾರದೆಂದು ಡಾಕ್ಟರು ಹೇಳಿದ್ದರಿಂದ ಅಣ್ಣ ಕುರ್ಚಿಯಲ್ಲಿ ಕುಳಿತು ನೋಡುತ್ತಾರೆ. ಕಳೆದ ವಾರ ದೀಪ, ಬ್ಲೇಡು ಇಟ್ಟು ಪರೀಕ್ಷಿಸಿದೆವು. ಕುಸಿದ ಅಂಚು ಇನ್ನೂ ಸಮಕ್ಕೆ ಬಂದಿಲ್ಲ.