ಅಕ್ಕೋರು ಕಲಿಸಿದ ‘ಕೇಸು’

ನಮ್ಮ ಇಂಗ್ಲಿಷ್ ಅಕ್ಕೋರ ಬಲಗೈ ತೋರುಬೆರಳಿನ ತುದಿ ಕಪ್ಪಾಗಿ ಒರಟಾಗಿತ್ತು. ಎಂಜಲು ಹಚ್ಚಿದ ಆ ಬೆರಳನ್ನು ದಪ್ಪ ಡಿಕ್ಷನರಿಯ ಸಾಲುಗಳ ಮೇಲೆ ಆಡಿಸಿ ಆಡಿಸಿಯೇ ಅದು ಹಾಗಾಗಿತ್ತು. ಎಪ್ಪತ್ತರ ದಶಕದಲ್ಲಿ ಅವರು ಇಳಕಲ್ಲಿನ ನಮ್ಮ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದರು. ಗಂಡ ತೀರಿಕೊಂಡಿದ್ದರು, ಇದ್ದವಳು ಒಬ್ಬಳೇ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ಮನೆ ನಮ್ಮ ಓಣಿಯಲ್ಲೇ.

“ಶಬ್ದಾನೂ ಮಂದಿ ಇದ್ದಂಗ. ಯಾರ ಪೈಕಿ ಅಂತ ಕೇಳದ ಒಳಗ ಕರಕೋಬ್ಯಾಡ್ರಿ” ಎನ್ನುತ್ತಿದ್ದರು.

ಒಂದು ದಿನ ಹಲಗೆಯ ಮೇಲೆ ‘ಕೇಸ್’ ಎಂದು ಬರೆದು, ಎಲ್ಲೆಲ್ಲಿ ಕೇಳಿದ್ದೀರಿ ಎಂದರು. ಸೂಟ್‌ಕೇಸ್, ಪೊಲೀಸ್ ಕೇಸ್, ದವಾಖಾನೆಯ ಸೀರಿಯಸ್ ಕೇಸ್ ಎಂದು ನಾವು ಕೂಗಿದೆವು.

“ನೋಡಾಕ ಮಾರಿ ಒಂದ, ಆದ್ರ ತಾಯಂದಿರು ಇಬ್ಬರು. ಸೂಟ್‌ಕೇಸಿನ ಕೇಸು ಲ್ಯಾಟಿನ್ನಿನ ಪೆಟ್ಟಿಗಿ ಅನ್ನೂ ಶಬ್ದದಿಂದ ಬಂತು. ಪೊಲೀಸರದು, ಡಾಕ್ಟರದು ಬ್ಯಾರೆ. ಅದರ ಮೂಲ ಅರ್ಥ ಬೀಳೂದು. ಮನಶ್ಯಾನ ಮ್ಯಾಲೆ ಏನು ಬಂದು ಬೀಳತೈತಿ, ಅದು ಕೇಸು. ಆಕ್ಸಿಡೆಂಟ್ ಅನ್ನೂದೂ ಅದ ಬೇರಿಂದ ಹುಟ್ಟಿದ್ದು.”

ನಾವು ಬರೆದುಕೊಂಡೆವು, ಮರೆತೆವು.

ಮುಂದೆ ಅಕ್ಕೋರು ಮಗಳನ್ನು ಬಾಗಲಕೋಟೆಗೆ ಕೊಟ್ಟರು. ಮರುವರ್ಷ ಒಂದು ಮಧ್ಯಾಹ್ನ ಸಾಲೆಗೆ ಸುದ್ದಿ ಬಂತು: ಮಾಳಿಗೆಯ ಮೆಟ್ಟಿಲಿಂದ ಬಿದ್ದಿದ್ದಾಳೆ. ಅಕ್ಕೋರು ಹಲಗೆಗೆ ಬರೆಯುತ್ತಿದ್ದ ಖಡುವಿನ ಪುಡಿ ಮೆತ್ತಿದ ಕೈಯಲ್ಲೇ ಬಸ್ಸು ಹತ್ತಿದರು. ಜೊತೆಗೆ ಹೋದವಳು ನಮ್ಮವ್ವ. ಅಲ್ಲಿ ನಡೆದದ್ದನ್ನು ಅವ್ವನೇ ಹೇಳಿದ್ದು.

ಅವರು ದವಾಖಾನೆ ಮುಟ್ಟುವಷ್ಟರಲ್ಲಿ ಮಗಳು ಹೋಗಿದ್ದಳು. ಕೊರಳ ಮೇಲೆ ನೀಲಿಗಟ್ಟಿದ ಬೆರಳ ಗುರುತುಗಳಿದ್ದವು. ಪೊಲೀಸ್ ಫೌಜದಾರ ಕಾಗದ ಚಾಚಿದ.

“ಆಕ್ಸಿಡೆಂಟ್ ಕೇಸ್ ಐತ್ರಿ ಬಾಯಾರ. ಸಹಿ ಮಾಡ್ರಿ, ಹೆಣ ಒಯ್ಯಾಕ ಬರತೈತಿ.”

ಅಕ್ಕೋರು ಪೂರ್ತಿ ಓದಿದರು. “ಮೆಟ್ಟಲಿಂದ ಬಿದ್ದಾಕಿ ಕೊಳ್ಳಾಗ ಬೆರಳು ಹ್ಯಾಂಗ ಮೂಡಿದ್ವು? ಅದನ್ನ ಬರೀರಿ. ಆಮ್ಯಾಲೆ ಸಹಿ.”

“ಹಂಗಾರ ಹೆಣ ಸಿಗೂದಿಲ್ಲ.”

“ನಾ ಇಲ್ಲೇ ಕುಂದರ್ತೇನಿ.”

ಎರಡು ದಿನ ಆ ದವಾಖಾನೆಯ ಪಡಸಾಲೆಯಲ್ಲೇ ಕುಳಿತರು. ಕೊನೆಗೆ ಪೊಲೀಸರು ಗುರುತುಗಳನ್ನು ಬರೆದರು. ಮಗಳ ಗಂಡನ ಮೇಲೆ ಕೇಸಾಯಿತು.

ಜಿಲ್ಲಾ ಕೋರ್ಟು ಆಗ ಬಿಜಾಪುರದಲ್ಲಿತ್ತು. ಮೂರು ವರ್ಷ ತಾರೀಖು ತಪ್ಪಿಸದೆ ಹೋದರು. ಮಗಳ ಚೀರಾಟ ಕೇಳಿದ್ದ ನೆರೆಮನೆಯವರು ಕಟಕಟೆಯಲ್ಲಿ ಒಬ್ಬರಾದ ಮೇಲೊಬ್ಬರು ತಾವೇನೂ ಕೇಳಿಲ್ಲ ಎಂದರು. ತೀರ್ಪಿನ ದಿನ ಅಕ್ಕೋರ ಜೊತೆ ನಾನಿದ್ದೆ. ವಕೀಲರು ಹೊರಗೆ ಬಂದು, “ಕೇಸ್ ಬಿದ್ದುಹೋತ್ರಿ” ಎಂದರು. ಅಕ್ಕೋರು ಬಸ್‌ಸ್ಟ್ಯಾಂಡಿಗೆ ನಡೆದರು. ಅಲ್ಲಿನ ನಳದ ಕೆಳಗೆ ಮಾರಿ ತೊಳೆದರು. ಹಿಂದೆ ನಿಂತವರು ಕೊಡ ಕುಟ್ಟಿ ಬೈದರೂ ತೊಳೆಯುತ್ತಲೇ ಇದ್ದರು.

ಅದೇ ವರ್ಷ ನನ್ನ ಮದುವೆ ಗೊತ್ತಾಯಿತು. ಅಕ್ಕೋರು ನನ್ನನ್ನು ಹಿತ್ತಲಿಗೆ ಕರೆದರು.

“ಹೊಂದ್ಕೊಂಡು ಹೋಗು ಅಂತಾಳ ನಿಮ್ಮವ್ವ. ನಾನೂ ನನ್ನ ಮಗಳಿಗೆ ಹಂಗ ಹೇಳಿದ್ದೆ. ಎರಡು ಸಲ ಅಳಕೋಂತ ಬಂದಾಕಿನ ತಿರುಗಿ ಕಳಿಸೀನಿ.” ನನ್ನ ಕೈ ಗಟ್ಟಿಯಾಗಿ ಹಿಡಿದರು. “ನೀ ಬಾ. ನಿಮ್ಮ ಮನ್ಯಾಗ ಕದಾ ತಗೀದಿದ್ರ ನನ್ನ ಕದಾ ಬಡಿ.”

ಮದುವೆಯಾದ ಮೂರನೆಯ ವರ್ಷ ಮುರಿದ ಕೈಯೊಂದಿಗೆ ಆ ಕದವನ್ನೇ ಬಡಿದೆ. ಅಕ್ಕೋರು ಏನೂ ಕೇಳದೆ ಒಳಗೆ ಕರೆದರು. ಹಿರಿಯರು ರಾಜಿ ಮಾಡಿಸುತ್ತಾರೆಂದು ಹೇಳಿ ಮರುದಿನ ಅಪ್ಪ ನನ್ನನ್ನು ಗಂಡನ ಮನೆಗೆ ಒಯ್ಯಲು ಬಂದ. ಅಕ್ಕೋರು ಹೊಸ್ತಿಲಲ್ಲಿ ಅಡ್ಡ ನಿಂತರು.

“ಈಕಿನ ನಾ ಕಳಸೂದಿಲ್ರಿ. ನನ್ನ ಮಗಳನ್ನ ಕಳಿಸಿ ನೋಡೀನಿ.”

ಅಪ್ಪ ತಲೆ ತಗ್ಗಿಸಿ ಹೋದ. ನಾನು ಅಲ್ಲೇ ಉಳಿದೆ, ಓದಿದೆ, ಹತ್ತಿರದ ಗುಡೂರಿನಲ್ಲಿ ಸಾಲೆಯ ಕೆಲಸಕ್ಕೆ ಸೇರಿದೆ. ನಾಲ್ಕು ವರ್ಷದ ಮೇಲೆ ಅಕ್ಕೋರು ಹೊಟ್ಟೆಯ ಬೇನೆಯಿಂದ ಹಾಸಿಗೆ ಹಿಡಿದರು. ಕೊನೆಕೊನೆಗೆ ನನ್ನನ್ನು ಮಗಳ ಹೆಸರಿನಿಂದಲೇ ಕರೆಯುತ್ತಿದ್ದರು. ನಾನು ತಿದ್ದಲಿಲ್ಲ. “ಬಂದಿಯಾ?” ಎಂದು ಕೇಳುವರು, “ಬಂದೇನಿ ಅವ್ವ” ಎನ್ನುವೆ. ಹೋಗುವ ದಿನವೂ ಅದನ್ನೇ ಕೇಳಿದರು.

ಆ ಮಗಳಿಗೆ ಇಪ್ಪತ್ತೆರಡು ತುಂಬಿರಲಿಲ್ಲ. ನನಗೀಗ ಅರವತ್ತು ದಾಟಿದೆ.